ಪಟ್ಟಿಯಲ್ಲಿರುವುದು 135 ಹೆಸರು, ಪೆಟ್ಟು ಬಿದ್ದಿದ್ದು 4 ಕೋಟಿ ಜನಕ್ಕೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಒಣಹಣ್ಣು, ಮಸಾಲೆ ಸಾಮಾನಿನ ಅಂಗಡಿ. ಅಜ್ಜನ ಕಾಲದಿಂದ ನಡೆದುಬಂದಿದೆ. ಅಂಜೂರ, ಜರ್ದಾಳು, ಮಣೂಕ, ಇಂಗು ಇವು ಬಹುಪಾಲು ಅಫ್ಘಾನಿಸ್ತಾನದ ಮಾಲು. ದೆಹಲಿ, ಮುಂಬೈ ವ್ಯಾಪಾರಿಗಳಿಂದ ತರಿಸುತ್ತೇವೆ. ಆ ದೇಶದ ಮೇಲೆ ವಿಶ್ವಸಂಸ್ಥೆ, ಅಮೆರಿಕ ನಿರ್ಬಂಧ ಹಾಕಿವೆ ಎಂದು ಟಿವಿಯಲ್ಲಿ ಕೇಳುತ್ತಲೇ ಇರುತ್ತೇವೆ. ಹಾಗಾದರೆ ನಾವು ಮಾರುತ್ತಿರುವುದು ಕಾನೂನಿಗೆ ವಿರುದ್ಧವೇ? ಧಾರವಾಡದಲ್ಲಿ ಬಿ.ಎ. ಓದುವ ನನ್ನ ಮಗಳು ಇನ್ನೊಂದು ಪ್ರಶ್ನೆ ಕೇಳಿದಳು: ‘ಅಪ್ಪಾ, ತಪ್ಪು ಮಾಡಿದವರು ಗಾದಿ ಮ್ಯಾಲೆ ಕುಂತಾರ, ಉಪಾಸ ಬಿದ್ದವರು ಬಡಮಂದಿ. ಹಿಂಗಾದ್ರ ನಿರ್ಬಂಧ ಹಾಕಿ ಏನು ಬಂತು?’ ನನಗೆ ಉತ್ತರ ಹೇಳಲು ಆಗಲಿಲ್ಲ. ಅಲ್ಲಿಯ ಜನರಿಗೆ ನಮ್ಮಂಥವರು ಹಣ ಕಳಿಸಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಮೊದಲು ನಿಮ್ಮ ಅಂಗಡಿಯ ಮಾತು. ಅಫ್ಘಾನಿಸ್ತಾನದ ಅಂಜೂರ, ಇಂಗು ಮಾರುವುದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಆ ದೇಶದೊಂದಿಗೆ ವ್ಯಾಪಾರ ಮಾಡಕೂಡದು ಎಂದು ವಿಶ್ವಸಂಸ್ಥೆ ಎಲ್ಲಿಯೂ ಹೇಳಿಲ್ಲ, ಭಾರತ ಸರ್ಕಾರವೂ ಹೇಳಿಲ್ಲ. ನೀವು ದೆಹಲಿಯ ಖಾರಿ ಬಾವಲಿಯ ವ್ಯಾಪಾರಿಗೆ ರೂಪಾಯಿಯಲ್ಲಿ ಹಣ ಕೊಟ್ಟು, ಜಿಎಸ್‌ಟಿ ಬಿಲ್ಲು ತೆಗೆದುಕೊಳ್ಳುತ್ತೀರಿ. ಕಸ್ಟಮ್ಸ್ ದಾಟಿಸುವುದು, ಹೊರದೇಶಕ್ಕೆ ಹಣ ಪಾವತಿಸುವುದು ಆಮದುದಾರನ ಜವಾಬ್ದಾರಿ. ಇಂಗಿನ ವಿಷಯದಲ್ಲಿ ನೀವು ಇನ್ನೂ ಒಂದು ಹೆಜ್ಜೆ ದೂರದಲ್ಲಿದ್ದೀರಿ. ಅಲ್ಲಿಂದ ಬರುವುದು ಗಿಡದ ಬೇರಿನಿಂದ ಒಸರಿದ ಹಸಿ ಅಂಟು. ಅದಕ್ಕೆ ಹಿಟ್ಟು, ಗೋಂದು ಬೆರೆಸಿ ನಾವು ಒಗ್ಗರಣೆಗೆ ಹಾಕುವ ಇಂಗು ಮಾಡುವ ಕೆಲಸ ಬಹಳಷ್ಟು ಉತ್ತರ ಪ್ರದೇಶದ ಹಾಥರಸ್‌ನಲ್ಲಿ ನಡೆಯುತ್ತದೆ. ನಮ್ಮಲ್ಲಿ ಇಂಗು ಬೆಳೆಯುವ ಪ್ರಯತ್ನ ಶುರುವಾಗಿದ್ದೇ 2020ರ ಅಕ್ಟೋಬರ್‌ನಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಅದು ಫಸಲಿಗೆ ಬರಲು ವರ್ಷಗಳು ಬೇಕು. 2017ರ ಜೂನ್‌ನಲ್ಲಿ ಕಾಬೂಲ್‌ನಿಂದ ದೆಹಲಿಗೆ ಸರಕು ವಿಮಾನದ ದಾರಿ ತೆರೆದಾಗ ಮೊದಲ ವಿಮಾನ ಹೊತ್ತು ತಂದ 60 ಟನ್ ಸರಕಿನಲ್ಲಿ ಹೆಚ್ಚಿನದು ಇಂಗೇ ಆಗಿತ್ತು. ತಾಲಿಬಾನ್ ಮೇಲೆ ನಿರ್ಬಂಧ ಆಗಲೂ ಇತ್ತು.

ಹಾಗಾದರೆ ನಿರ್ಬಂಧ ಇರುವುದು ಯಾರ ಮೇಲೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿ ನಡೆದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ದಾಳಿ ಮಾಡಿಸಿದ ಒಸಾಮಾ ಬಿನ್ ಲಾಡೆನ್ ತಾಲಿಬಾನ್ ಆಶ್ರಯದಲ್ಲಿದ್ದ. ಅವನನ್ನು ಒಪ್ಪಿಸಿ ಎಂದರೆ ತಾಲಿಬಾನ್ ಒಪ್ಪಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1999ರ ಅಕ್ಟೋಬರ್ 15ರಂದು 1267ನೇ ನಿರ್ಣಯ ಮಾಡಿ, ತಾಲಿಬಾನ್‌ಗೆ ಸೇರಿದ ವಿಮಾನಗಳ ಹಾರಾಟಕ್ಕೆ ತಡೆ ಹಾಕಿತು, ಅವರ ಹಣ ಎಲ್ಲಿದ್ದರೂ ಮುಟ್ಟುಗೋಲು ಹಾಕಿ ಎಂದು ಎಲ್ಲ ದೇಶಗಳಿಗೆ ಹೇಳಿತು. ಮರುವರ್ಷ ಆಯುಧ ಮಾರಾಟಕ್ಕೂ ತಡೆ ಬಂತು. 2011ರ ಜೂನ್‌ನಲ್ಲಿ ಅಲ್ ಖೈದಾ ಪಟ್ಟಿಯನ್ನೂ ತಾಲಿಬಾನ್ ಪಟ್ಟಿಯನ್ನೂ ಬೇರೆ ಬೇರೆ ಮಾಡಿದರು. ತಾಲಿಬಾನ್ ಪಟ್ಟಿ 1988ನೇ ನಿರ್ಣಯದ ಅಡಿ ಬಂತು. ಅದರಲ್ಲಿರುವುದು 135 ವ್ಯಕ್ತಿಗಳು, 5 ಸಂಸ್ಥೆಗಳು. ಐದರಲ್ಲಿ ಒಂದು ತಾಲಿಬಾನ್‌ನದೇ ಸಶಸ್ತ್ರ ಬಣವಾದ ಹಕ್ಕಾನಿ ಜಾಲ, ಉಳಿದ ನಾಲ್ಕು ಹಣ ವರ್ಗಾಯಿಸುವ, ಹವಾಲಾ ನಡೆಸುವ ಪೇಢಿಗಳು. ಹೆಸರು ಇದ್ದವರಿಗೆ ಮೂರು ತಡೆ: ಅವರ ಹಣ ಸ್ತಂಭನ, ಹೊರದೇಶ ಪ್ರಯಾಣಕ್ಕೆ ಅಡ್ಡಿ, ಆಯುಧ ಕೊಡಕೂಡದು. ಅಷ್ಟೇ. ಗೋಧಿ, ಔಷಧ, ಸಿಮೆಂಟು, ಅಂಜೂರ ಯಾವುದರ ಮಾತೂ ಅದರಲ್ಲಿ ಇಲ್ಲ.

ಪ್ರಯಾಣದ ತಡೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾವು ನಮ್ಮ ದೇಶದಲ್ಲೇ ನೋಡಿದೆವು. ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ಆ ಪಟ್ಟಿಯಲ್ಲಿರುವವರು. 2025ರ ಅಕ್ಟೋಬರ್‌ನಲ್ಲಿ ಅವರು ದೆಹಲಿಗೆ ಬರಬೇಕಾದಾಗ, ಭಾರತ ವೀಸಾ ಕೊಟ್ಟರೆ ಸಾಲುತ್ತಿರಲಿಲ್ಲ. ಭದ್ರತಾ ಮಂಡಳಿಯ ಸಮಿತಿ ಇಂತಿಷ್ಟು ದಿನಕ್ಕೆ ಎಂದು ವಿನಾಯಿತಿ ಕೊಟ್ಟ ಮೇಲೆಯೇ ಅವರು ಬಂದದ್ದು. ಈ ಬಗೆಯ ತಡೆ ನನಗೆ ಸರಿ ಎನಿಸುತ್ತದೆ. ತಪ್ಪು ಯಾರದೋ ಅವರ ಕಾಲಿಗೇ ಅದು ತೊಡರುತ್ತದೆ, ಬೇರೆಯವರ ಅನ್ನಕ್ಕೆ ಕೈ ಹಾಕುವುದಿಲ್ಲ. 2022ರ ಜೂನ್‌ನಲ್ಲಿ, ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿದ್ದಕ್ಕಾಗಿ, ಶಿಕ್ಷಣದ ಹೊಣೆ ಹೊತ್ತ ತಾಲಿಬಾನ್‌ನ ಇಬ್ಬರ ಪ್ರಯಾಣ ವಿನಾಯಿತಿಯನ್ನು ಅದೇ ಸಮಿತಿ ಕಿತ್ತುಹಾಕಿತು. ಆಗ ಸಮಿತಿಯ ಅಧ್ಯಕ್ಷತೆ ಭಾರತದ್ದೇ ಆಗಿತ್ತು.

ಈಗ ನಿಮ್ಮ ಮಗಳ ಪ್ರಶ್ನೆಗೆ ಬರೋಣ. ಪಟ್ಟಿ ಇಷ್ಟು ಸಣ್ಣದಿದ್ದರೆ ಊರಿಗೆ ಊರೇ ಏಕೆ ಉಪವಾಸ ಬಿತ್ತು?

ಹಾವೇರಿ ಜಿಲ್ಲೆಯ ಯಾವುದೋ ಹಳ್ಳಿಯ ಪತ್ತಿನ ಸಹಕಾರಿ ಸಂಘವನ್ನು ಮನಸ್ಸಿಗೆ ತಂದುಕೊಳ್ಳಿ. ಹೊರಗಿನ ಇಬ್ಬರ ಮೇಲೆ ಕೋರ್ಟಿನ ಆದೇಶ ಇದೆ, ಅವರಿಗೆ ಒಂದು ಪೈಸೆ ಹಣ ಮುಟ್ಟಕೂಡದು ಎಂದು. ಅವರು ಹೊರಗಿದ್ದಷ್ಟು ದಿನ ಸಂಘಕ್ಕೆ ಏನೂ ತೊಂದರೆ ಇಲ್ಲ. ಒಂದು ಬೆಳಿಗ್ಗೆ ಅವರೇ ಬಂದು ಅಧ್ಯಕ್ಷ, ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತುಬಿಟ್ಟರೆ? ಜಿಲ್ಲಾ ಬ್ಯಾಂಕು ಚೆಕ್ಕು ಪಾಸು ಮಾಡಲು ಹೆದರುತ್ತದೆ. ಠೇವಣಿ ಇಟ್ಟ ವಿಧವೆಗೂ, ಬೀಜ ಗೊಬ್ಬರಕ್ಕೆ ಸಾಲ ಕೇಳಿದ ರೈತನಿಗೂ ಹಣ ಸಿಗುವುದಿಲ್ಲ. ಆದೇಶ ಇದ್ದದ್ದು ಇಬ್ಬರ ಮೇಲೆ, ನಿಂತದ್ದು ಇಡೀ ಸಂಘ.

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಆದದ್ದು ಅದೇ. ಪಟ್ಟಿಯಲ್ಲಿದ್ದ ಮೊಹಮ್ಮದ್ ಹಸನ್ ಅಖುಂದ್ ಪ್ರಧಾನಿಯಾದರು, ಸಿರಾಜುದ್ದೀನ್ ಹಕ್ಕಾನಿ ಗೃಹ ಸಚಿವರಾದರು. ತೆರಿಗೆ ಕಟ್ಟುವುದು, ಕರೆಂಟ್ ಬಿಲ್ ತುಂಬುವುದು, ಕಸ್ಟಮ್ಸ್ ಸುಂಕ ಕೊಡುವುದು ಇವೆಲ್ಲ ನಿರ್ಬಂಧಿತರಿಗೆ ಹಣ ಕೊಟ್ಟಂತೆ ಆಗುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಗೊತ್ತಾಗುವವರೆಗೆ ಎಲ್ಲರೂ ಕೈ ಕಟ್ಟಿ ಕೂತರು.

ಇದರ ಜೊತೆಗೆ ಇನ್ನೆರಡು ಪೆಟ್ಟು ಒಟ್ಟಿಗೆ ಬಿದ್ದವು. ಅಫ್ಘಾನಿಸ್ತಾನದ ಕೇಂದ್ರ ಬ್ಯಾಂಕು ವಿದೇಶಗಳಲ್ಲಿ ಸುಮಾರು 900 ಕೋಟಿ ಡಾಲರ್ ಇಟ್ಟಿತ್ತು. ಅದರಲ್ಲಿ ಸುಮಾರು 700 ಕೋಟಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ನ್ಯೂಯಾರ್ಕ್ ಶಾಖೆಯಲ್ಲಿತ್ತು. ಅಮೆರಿಕ ಅದಕ್ಕೆ ಬೀಗ ಹಾಕಿತು. ಇದು ವಿಶ್ವಸಂಸ್ಥೆಯ ನಿರ್ಬಂಧದ ಭಾಗವಲ್ಲ, ಅಮೆರಿಕದ ಸ್ವಂತ ನಿರ್ಧಾರ. ಎರಡನೆಯದು ವಿದೇಶಿ ನೆರವು. ಅಲ್ಲಿಯ ಸರ್ಕಾರಿ ಖರ್ಚಿನ ನಾಲ್ಕರಲ್ಲಿ ಮೂರು ಪಾಲು ನಡೆಯುತ್ತಿದ್ದುದೇ ಹೊರಗಿನ ದುಡ್ಡಿನಲ್ಲಿ. ಅದು ರಾತ್ರೋರಾತ್ರಿ ನಿಂತಿತು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2021ರ ಒಂದೇ ವರ್ಷದಲ್ಲಿ ಆರ್ಥಿಕತೆ ಸುಮಾರು ಶೇ. 20ರಷ್ಟು ಕುಗ್ಗಿತು. ನಮ್ಮಲ್ಲಿ ಕೋವಿಡ್ ಲಾಕ್‌ಡೌನ್ ಇದ್ದ ಇಡೀ ವರ್ಷದಲ್ಲಿ ಆದ ಕುಸಿತ ಇದರ ಅರ್ಧವೂ ಇರಲಿಲ್ಲ.

ಹೊರಗಿನಿಂದ ನೋಡಿದರೆ ಇವು ಅಂಕಿಗಳು. ಒಳಗೆ ಹೇಗಿತ್ತು ನೋಡಿ. ‘ಸೆಹತ್‌ಮಂದಿ’ ಎಂಬ ಯೋಜನೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಸ್ಪತ್ರೆ, ದವಾಖಾನೆಗಳು ನಡೆಯುತ್ತಿದ್ದವು. ಹಣ ಕೊಡುತ್ತಿದ್ದದ್ದು ವಿಶ್ವಬ್ಯಾಂಕು ಮತ್ತಿತರರು. ಹಣ ನಿಂತ ಮೇಲೆ ಆ ಸೆಪ್ಟೆಂಬರ್‌ನಲ್ಲಿ ಪೂರ್ತಿಯಾಗಿ ಕೆಲಸ ಮಾಡುತ್ತಿದ್ದವು ಶೇ. 17 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹೆರಿಗೆ ನೋವು ಬಂದ ಹೆಣ್ಣುಮಗಳು ಕಾಯುವುದಿಲ್ಲವಲ್ಲ. ಬ್ಯಾಂಕುಗಳಲ್ಲಿ ವಾರಕ್ಕೆ 200 ಡಾಲರ್ ಅಥವಾ 20,000 ಅಫ್ಘಾನಿಗಿಂತ (ಅಲ್ಲಿಯ ಹಣ) ಹೆಚ್ಚು ತೆಗೆಯುವಂತಿರಲಿಲ್ಲ. ಲಕ್ಷಗಟ್ಟಲೆ ಠೇವಣಿ ಇದ್ದವರೂ ಸರದಿಯಲ್ಲಿ ನಿಂತರು. ಆ ದೇಶದ ನೋಟುಗಳು ಹೊರದೇಶದಲ್ಲಿ ಮುದ್ರಣವಾಗಿ ಬರಬೇಕಿತ್ತು. ಅವೂ ನಿಂತಿದ್ದರಿಂದ ಇದ್ದ ನೋಟುಗಳೇ ಹರಿದು, ಟೇಪು ಹಚ್ಚಿಸಿಕೊಂಡು ಕೈಯಿಂದ ಕೈಗೆ ಓಡಾಡಿದವು. ಆ ಚಳಿಗಾಲ 2.28 ಕೋಟಿ ಜನ ತೀವ್ರ ಹಸಿವಿನ ಅಂಚಿಗೆ ಬರುತ್ತಾರೆ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು ಅಂದಾಜು ಮಾಡಿದ್ದವು. ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ.

ಎಲ್ಲವನ್ನೂ ನಿರ್ಬಂಧದ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ಅದಕ್ಕೂ ಮೊದಲೇ ಬರ ಬಿದ್ದಿತ್ತು, ಇಪ್ಪತ್ತು ವರ್ಷದ ಯುದ್ಧ ನಡೆದಿತ್ತು, ಪರದೇಶದ ದುಡ್ಡಿನ ಮೇಲೆ ನಿಂತ ಆಡಳಿತ ಸ್ವಂತ ಕಾಲಿನ ಮೇಲೆ ನಿಲ್ಲಲು ಕಲಿತಿರಲಿಲ್ಲ. ಆದರೂ ಆ ಚಳಿಗಾಲಕ್ಕೆ ಬೀಗ ಹಾಕಿದ ಹಣದ ಪಾಲು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಕಾನೂನು ಸಡಿಲವಾಗಲು ಹೆಚ್ಚು ಸಮಯ ಹಿಡಿಯಲಿಲ್ಲ. 2021ರ ಡಿಸೆಂಬರ್ 22ರಂದು ಭದ್ರತಾ ಮಂಡಳಿ 2615ನೇ ನಿರ್ಣಯ ಮಾಡಿ, ಜನರ ಮೂಲಭೂತ ಅಗತ್ಯಕ್ಕಾಗಿ ಕೊಡುವ ನೆರವು ನಿರ್ಬಂಧದ ಉಲ್ಲಂಘನೆ ಅಲ್ಲ ಎಂದಿತು. 2022ರ ಫೆಬ್ರುವರಿ 25ರಂದು ಅಮೆರಿಕದ ಖಜಾನೆ ಇಲಾಖೆ 20ನೇ ನಂಬರಿನ ಸಾಮಾನ್ಯ ಪರವಾನಗಿ ಹೊರಡಿಸಿತು. ವ್ಯಾಪಾರ, ತೆರಿಗೆ, ಸುಂಕ, ಸಂಬಳ ಹೆಚ್ಚುಕಮ್ಮಿ ಎಲ್ಲಕ್ಕೂ ಅದರಲ್ಲಿ ಒಪ್ಪಿಗೆ ಇದೆ. ಕಾಗದದ ಮೇಲೆ ಬಾಗಿಲು ತೆರೆದಿತ್ತು. ಹಣ ಮಾತ್ರ ಹೋಗಲಿಲ್ಲ. ಏಕೆ ಎಂಬುದು ಬ್ಯಾಂಕಿನ ಒಳಗೆ ಕೂತವರಿಗೇ ಹೆಚ್ಚು ಗೊತ್ತು, ಪತ್ರಿಕೆಗಳಲ್ಲಿ ಬರುವುದು ಕಡಿಮೆ.

ನಾನು ಬಹಳ ವರ್ಷ ಹುಬ್ಬಳ್ಳಿಯ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿದ್ದವನು. ಬ್ಯಾಡಗಿ ಮೆಣಸಿನಕಾಯಿ ರಫ್ತುದಾರರ ಬಿಲ್ಲು, ಹೊರಗಿರುವ ಮಕ್ಕಳು ತಂದೆತಾಯಿಗೆ ಕಳಿಸುವ ಹಣ, ಇವೇ ದಿನದ ಕೆಲಸ. ಧಾರವಾಡದಲ್ಲಿ, ಅದರಲ್ಲೂ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಫ್ಘಾನ್ ವಿದ್ಯಾರ್ಥಿಗಳು ಇರುತ್ತಿದ್ದರು. ಕಾಬೂಲ್ ಬಿದ್ದ ವರ್ಷ ಅವರಲ್ಲಿ ಒಬ್ಬ ಹುಡುಗ ನಮ್ಮ ಕೌಂಟರಿಗೆ ದಿನಾ ಬರುತ್ತಿದ್ದ. ಮನೆಯಿಂದ ಬರುತ್ತಿದ್ದ ಹಣ ನಿಂತಿತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದ ಅಣ್ಣ ಮೆಸ್ ಬಿಲ್ಲಿಗೆ, ಪರೀಕ್ಷೆ ಫೀಗೆ ಎಂದು ಯೂರೋ ಕಳಿಸಿದ್ದ. ಜರ್ಮನಿಯಿಂದ ಧಾರವಾಡಕ್ಕೆ ಬರುವ ಹಣ. ನಡುವೆ ಅಫ್ಘಾನಿಸ್ತಾನ ಎಲ್ಲಿಯೂ ಇಲ್ಲ. ಆದರೂ ಅದು ದಾರಿಯಲ್ಲಿ ಎಲ್ಲೋ ಒಂದು ಮಧ್ಯವರ್ತಿ ಬ್ಯಾಂಕಿನಲ್ಲಿ ನಿಂತುಬಿಟ್ಟಿತು.

ಕಾರಣ ಹೆಸರು. ಪ್ರತಿಯೊಂದು ಅಂತರರಾಷ್ಟ್ರೀಯ ಪಾವತಿಯನ್ನೂ ಬ್ಯಾಂಕಿನ ಸಾಫ್ಟ್‌ವೇರು ನಿರ್ಬಂಧ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ನಮ್ಮ ರಿಸರ್ವ್ ಬ್ಯಾಂಕು ಕೂಡ ಎಲ್ಲ ಬ್ಯಾಂಕುಗಳಿಗೂ ಎರಡು ಪಟ್ಟಿ ಕಡ್ಡಾಯ ಮಾಡಿದೆ: ಒಂದು ಅಲ್ ಖೈದಾ ಮತ್ತು ಐಸಿಸ್‌ನದು, ಇನ್ನೊಂದು ಈ ತಾಲಿಬಾನ್‌ನದು. ಹೆಸರು ಹೊಂದಿದರೆ ‘ಹಿಟ್’ ಎಂದು ಬರುತ್ತದೆ. ಅಫ್ಘಾನರಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಒಂದೋ ಎರಡೋ ಪದ, ಅದೂ ಊರಿಗೆ ಹತ್ತು ಜನರಿಗೆ ಇರುವಂಥದ್ದು. ಹುಟ್ಟಿದ ದಿನ ಗೊತ್ತಿಲ್ಲದವರ ಪಾಸ್‌ಪೋರ್ಟಿನಲ್ಲಿ ಜನವರಿ 1 ಎಂದು ಬರೆದಿರುತ್ತದೆ. ಪಟ್ಟಿಯಲ್ಲಿಯೂ ಹಲವರ ಜನ್ಮದಿನಾಂಕ ‘ಸುಮಾರು ಇಂಥ ವರ್ಷ’ ಎಂದಷ್ಟೇ ಇದೆ. ಪರ್ಷಿಯನ್, ಪಶ್ತೋ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಸಾಫ್ಟ್‌ವೇರು ಎಲ್ಲವನ್ನೂ ಹಿಡಿಯುತ್ತದೆ. ಅದಾದ ಮೇಲೆ ಮುಂಬೈ ಕಚೇರಿಯಿಂದ ಪ್ರಶ್ನೆ: ಕಳಿಸಿದವರ ತಂದೆಯ ಹೆಸರೇನು, ಹುಟ್ಟಿದ ಊರು ಯಾವುದು, ಸಂಬಂಧ ಸಾಬೀತು ಮಾಡುವ ಕಾಗದ ಎಲ್ಲಿ? ಆ ಹುಡುಗ ಫೋನಿನಲ್ಲಿ ಅಣ್ಣನ ಪಾಸ್‌ಪೋರ್ಟಿನ ಫೋಟೊ ತೋರಿಸಿ, ಇಂಗ್ಲಿಷಿನಲ್ಲಿ ತಡವರಿಸುತ್ತ, ‘ಸರ್, ಅವನು ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ವಾರಗಟ್ಟಲೆ ಆದ ಮೇಲೆ ಹಣ ಬಿಡುಗಡೆಯಾಯಿತು. ಅಷ್ಟು ದಿನ ಅವನ ಮೆಸ್ ಖರ್ಚು ನೋಡಿಕೊಂಡದ್ದು ಹಾಸ್ಟೆಲಿನ ನಮ್ಮ ಕನ್ನಡದ ಹುಡುಗರು.

ಯಾವ ಅಧಿಕಾರಿಯೂ ಇಲ್ಲಿ ಕೆಟ್ಟವನಲ್ಲ. ಬ್ಯಾಂಕಿನ ಲೆಕ್ಕಾಚಾರವೇ ಹಾಗೆ. ಡಾಲರ್‌ನಲ್ಲಿ ನಡೆಯುವ ಪಾವತಿ ಎಲ್ಲಿಂದ ಎಲ್ಲಿಗೆ ಹೋದರೂ ಸಾಮಾನ್ಯವಾಗಿ ಅಮೆರಿಕದ ಯಾವುದಾದರೂ ಬ್ಯಾಂಕಿನ ಖಾತೆ ಮುಟ್ಟಿಯೇ ಹೋಗಬೇಕು. ಮುಟ್ಟಿದ ಕೂಡಲೇ ಅಮೆರಿಕದ ಕಾನೂನು ತಗಲುತ್ತದೆ. ಸುಡಾನ್, ಇರಾನ್, ಕ್ಯೂಬಾ ವ್ಯವಹಾರ ಮಾಡಿಕೊಟ್ಟಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪಾರಿಬಾ 2014ರಲ್ಲಿ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅಫ್ಘಾನಿಸ್ತಾನದ ಪಾವತಿಯಿಂದ ಒಂದು ಬ್ಯಾಂಕಿಗೆ ಸಿಗುವ ಕಮಿಷನ್ ಎಷ್ಟಿದ್ದೀತು? ತಪ್ಪಿದರೆ ಬೀಳುವ ದಂಡ ಎಷ್ಟು? ಹಾಗಾಗಿ ಪರವಾನಗಿ ಇದ್ದರೂ ‘ನಮಗೆ ಬೇಡ’ ಎನ್ನುವುದೇ ಅವರಿಗೆ ಕ್ಷೇಮ. ಇದನ್ನು ತಡೆಯುವ ಕಾನೂನು ಯಾವ ದೇಶದಲ್ಲೂ ಗಟ್ಟಿಯಾಗಿಲ್ಲ. ನಿರ್ಬಂಧ ಹಾಕುವವರು ‘ಜನರಿಗೆ ತೊಂದರೆ ಆಗದಂತೆ ವಿನಾಯಿತಿ ಕೊಟ್ಟಿದ್ದೇವೆ’ ಎಂದು ಹೇಳುವಾಗ ಈ ಭಯದ ಲೆಕ್ಕ ಹಿಡಿಯುವುದಿಲ್ಲ. ನನ್ನ ದೊಡ್ಡ ಆಕ್ಷೇಪ ಇರುವುದು ಇಲ್ಲಿಯೇ.

ಬ್ಯಾಂಕುಗಳು ಒಲ್ಲೆ ಎಂದಾಗ ವಿಶ್ವಸಂಸ್ಥೆ ಏನು ಮಾಡಿತು ಗೊತ್ತೇ? ಡಾಲರ್ ನೋಟುಗಳ ಕಟ್ಟುಗಳನ್ನೇ ವಿಮಾನದಲ್ಲಿ ತುಂಬಿ ಕಾಬೂಲ್‌ಗೆ ಒಯ್ದಿತು. 2021ರ ಡಿಸೆಂಬರ್‌ನಿಂದ ಶುರುವಾಗಿ ಒಂದೊಂದು ಸಲಕ್ಕೆ ಸುಮಾರು 4 ಕೋಟಿ ಡಾಲರ್, 2022ರಲ್ಲಿ ಒಟ್ಟು ಸುಮಾರು 180 ಕೋಟಿ ಡಾಲರ್ ಹೀಗೆ ಹೋಯಿತು. ಖಾಸಗಿ ಬ್ಯಾಂಕಿನಲ್ಲಿ ಜಮೆ ಮಾಡಿ ಅಲ್ಲಿಂದ ದವಾಖಾನೆ, ಶಾಲೆ, ಆಹಾರ ವಿತರಣೆಗೆ ಹಂಚಿದರು. ಆ ಡಾಲರು ಮಾರುಕಟ್ಟೆಗೆ ಇಳಿದದ್ದರಿಂದ, ಡಿಸೆಂಬರ್‌ನಲ್ಲಿ ಡಾಲರಿಗೆ 100 ದಾಟಿ ಕುಸಿದಿದ್ದ ಅಫ್ಘಾನಿ ಮತ್ತೆ ಚೇತರಿಸಿತು. ಇನ್ನೊಂದು ದಾರಿ ಹವಾಲಾ. ಕಾಬೂಲ್‌ನ ಸರಾಯ್ ಶಹಜಾದಾ ಪೇಟೆಯಲ್ಲಿ ಹಣ ಬದಲಿಸುವವರ ಅಂಗಡಿಗಳ ಸಾಲೇ ಇದೆ. ಇಲ್ಲಿ ಹಣ ತೆಗೆದುಕೊಂಡವನು ಅಲ್ಲಿಯವನಿಗೆ ಫೋನು ಮಾಡಿದರೆ ಸಾಕು, ಅಲ್ಲಿ ನಗದು ಸಿಗುತ್ತದೆ. ಇಬ್ಬರೂ ಆಮೇಲೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ಹೊರಗಿನ ನೆರವು ಸಂಸ್ಥೆಗಳೂ ಸಂಬಳ ಕೊಡಲು ಇವರನ್ನೇ ನಂಬಬೇಕಾಯಿತು. ಭಯೋತ್ಪಾದಕರಿಗೆ ಹಣ ಸಿಗದಿರಲಿ ಎಂದು ಮಾಡಿದ ವ್ಯವಸ್ಥೆ, ದಾಖಲೆ ಇರುವ ಬ್ಯಾಂಕಿನಿಂದ ದಾಖಲೆ ಇಲ್ಲದ ಹವಾಲಾಕ್ಕೆ ಹಣವನ್ನು ತಳ್ಳಿತು. ಇದಕ್ಕಿಂತ ತಿರುವುಮುರುವು ಆಗುವುದು ಕಷ್ಟ.

ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದ 700 ಕೋಟಿಯಲ್ಲಿ 350 ಕೋಟಿಯನ್ನು 2022ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಮಾಡಿದ ‘ಅಫ್ಘಾನ್ ನಿಧಿ’ಗೆ ವರ್ಗಾಯಿಸಿದರು. ಉಳಿದರ್ಧ, ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬಗಳು ಹೂಡಿದ ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡಿತು. ಆ ಕುಟುಂಬಗಳ ನೋವು ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೇಂದ್ರ ಬ್ಯಾಂಕಿನ ಮೀಸಲು ಹಣ ತಾಲಿಬಾನ್‌ನದಲ್ಲ. ಅಲ್ಲಿಯ ಬ್ಯಾಂಕುಗಳಲ್ಲಿ ಜನ ಇಟ್ಟ ದುಡ್ಡಿಗೂ ಅವರ ನೋಟಿಗೂ ಅದೇ ಆಧಾರ. 2023ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶರೂ ಆ ಹಣವನ್ನು ಪರಿಹಾರಕ್ಕೆ ಕೊಡಲು ಬರುವುದಿಲ್ಲ ಎಂದೇ ತೀರ್ಪು ಕೊಟ್ಟರು.

ಭಾರತದ ನಿಲುವನ್ನು ನಿಮ್ಮ ಮಗಳು ಅವಶ್ಯ ಓದಲಿ, ಬಿ.ಎ. ಪರೀಕ್ಷೆಗೂ ಉಪಯೋಗ. ನೆರವಿಗೆ ವಿನಾಯಿತಿ ಕೊಡುವ 2615ನೇ ನಿರ್ಣಯಕ್ಕೆ ಭಾರತ ಒಪ್ಪಿಗೆ ಕೊಟ್ಟಿತು. ಒಂದು ವರ್ಷದ ನಂತರ, 2022ರ ಡಿಸೆಂಬರ್ 9ರಂದು, ಜಗತ್ತಿನ ಎಲ್ಲ ನಿರ್ಬಂಧಗಳಿಗೂ ಇಂಥದೇ ವಿನಾಯಿತಿ ಕೊಡುವ 2664ನೇ ನಿರ್ಣಯ ಬಂದಾಗ ಹದಿನಾಲ್ಕು ದೇಶ ಪರವಾಗಿ ಮತ ಹಾಕಿದವು, ಭಾರತವೊಂದೇ ತಟಸ್ಥವಾಗಿ ಉಳಿಯಿತು. ನಮ್ಮ ನೆರೆಯಲ್ಲಿ ಭಯೋತ್ಪಾದಕ ಗುಂಪುಗಳು ಸೇವಾ ಸಂಸ್ಥೆಯ ವೇಷ ಹಾಕಿ ಇಂಥ ವಿನಾಯಿತಿಯ ಲಾಭ ಪಡೆದಿವೆ ಎಂಬುದು ಭಾರತದ ವಾದ. ಅದು ಹುಸಿ ಭಯವಲ್ಲ, ಮುಂಬೈ ದಾಳಿ ಕಂಡ ದೇಶಕ್ಕೆ ಹಾಗೆ ಹೇಳುವ ಹಕ್ಕಿದೆ. ಅದೇ ಭಾರತ 50,000 ಟನ್ ಗೋಧಿ ಕೊಡುತ್ತೇನೆಂದು 2022ರ ಫೆಬ್ರುವರಿ 22ರಂದು ಪಂಜಾಬಿನ ಅಟಾರಿ ಗಡಿಯಿಂದ ಮೊದಲ 50 ಲಾರಿ ಹೊರಡಿಸಿತು. ಹಂಚುವ ಕೆಲಸ ವಿಶ್ವ ಆಹಾರ ಕಾರ್ಯಕ್ರಮದ ಕೈಗೆ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ಕಾಬೂಲ್‌ನಲ್ಲಿ ಮತ್ತೆ ರಾಯಭಾರ ಕಚೇರಿ ತೆರೆದರೂ ತಾಲಿಬಾನ್ ಸರ್ಕಾರಕ್ಕೆ ಅಧಿಕೃತ ಮಾನ್ಯತೆ ಕೊಡಲಿಲ್ಲ.

‘ನಿರ್ಬಂಧ ಹಾಕಿ ಏನು ಬಂತು?’ ಎಂದು ಮಗಳು ಕೇಳಿದ್ದಾಳೆ. ಫಲ ಕೊಟ್ಟ ನಿರ್ಬಂಧವೂ ಇದೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದೊಂದಿಗೆ 1946ರಲ್ಲೇ ಮೊದಲು ವ್ಯಾಪಾರ ನಿಲ್ಲಿಸಿದ್ದು ಭಾರತ. ಅಲ್ಲಿ ನಿರ್ಬಂಧ ಬೇಕೆಂದು ಕೇಳಿದವರು ಅಲ್ಲಿಯ ಕರಿಯ ಜನರ ಹೋರಾಟಗಾರರೇ. ಆಳುವವರಿಗೆ ಚುನಾವಣೆ, ಷೇರುಪೇಟೆ, ಕ್ರಿಕೆಟ್ ಎಲ್ಲದರಲ್ಲೂ ಕಳೆದುಕೊಳ್ಳಲು ಬಹಳ ಇತ್ತು. ಪೋಖ್ರಾನ್ ಪರೀಕ್ಷೆಯ ನಂತರ 1998ರಲ್ಲಿ ನಮ್ಮ ಮೇಲೂ ಅಮೆರಿಕ ನಿರ್ಬಂಧ ಹಾಕಿತು. ಅನಿವಾಸಿ ಭಾರತೀಯರಿಂದ ಬಾಂಡ್ ಮೂಲಕ 420 ಕೋಟಿ ಡಾಲರ್ ಎತ್ತಿ ದೇಶ ನಿಭಾಯಿಸಿತು. ಹೊಲ, ಕಾರ್ಖಾನೆ, ತೆರಿಗೆ, ಬ್ಯಾಂಕು ಎಲ್ಲ ನಮ್ಮವೇ ಇದ್ದವು, 2001ರಲ್ಲಿ ಅಮೆರಿಕವೇ ಅದನ್ನು ತೆಗೆಯಿತು. ಇರಾಕಿನದು ಬೇರೆ ಕಥೆ. 1990ರಿಂದ ಹದಿಮೂರು ವರ್ಷ ಇಡೀ ದೇಶವನ್ನು ಕಟ್ಟಿಹಾಕಿದರು. ಸದ್ದಾಂ ಹುಸೇನ್ ಕದಲಲಿಲ್ಲ. ಜನರಿಗೆ ಆಹಾರ ಮುಟ್ಟಿಸುವ ವಿಶ್ವಸಂಸ್ಥೆಯ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಜಾಗಕ್ಕೆ ಬಂದ ಹ್ಯಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ, ಈ ನಿರ್ಬಂಧದಲ್ಲಿ ಸಾಮಾನ್ಯರು ಸಾಯುತ್ತಿದ್ದಾರೆ ಎಂದು ರಾಜೀನಾಮೆ ಕೊಟ್ಟು ಹೊರಬಂದರು. ಪಟ್ಟಿ ಮಾಡಿ ವ್ಯಕ್ತಿಗಳಿಗೆ ಮಾತ್ರ ನಿರ್ಬಂಧ ಹಾಕುವ ಪದ್ಧತಿ ಬಲಗೊಂಡದ್ದೇ ಇರಾಕಿನ ಆ ಪಾಠದಿಂದ.

ತಾಲಿಬಾನ್ ಮಟ್ಟಿಗೆ ಹೇಳುವುದಾದರೆ, ನಿರ್ಬಂಧದಿಂದ ಅವರ ನಡೆ ಬದಲಾಗಿಲ್ಲ. 2022ರ ಡಿಸೆಂಬರ್ 20ರಂದು ವಿಶ್ವವಿದ್ಯಾಲಯಗಳಿಂದಲೂ ಹೆಣ್ಣುಮಕ್ಕಳನ್ನು ಹೊರಹಾಕಿದರು. ನಾಲ್ಕೇ ದಿನಕ್ಕೆ, ಸೇವಾ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡಕೂಡದು ಎಂದರು. ಗಂಡಸರಿಲ್ಲದ ಮನೆಯ ಬಾಗಿಲಿಗೆ ಹೋಗಿ ವಿಧವೆಗೆ ರೇಷನ್ ಕೊಡುವವರು ಆ ಹೆಂಗಸರೇ ಆಗಿದ್ದರು. ಈ ಹಸಿವಿಗೆ ವಾಷಿಂಗ್ಟನ್ ಕಾರಣವಲ್ಲ, ತಾಲಿಬಾನ್‌ನ ಪರಮ ನಾಯಕ ಕೂತಿರುವ ಕಂದಹಾರ್ ಕಾರಣ. ಆದ್ದರಿಂದ ನಿರ್ಬಂಧವನ್ನೆಲ್ಲ ತೆಗೆದುಹಾಕಿ ಎನ್ನುವವರ ಜೊತೆ ನಾನಿಲ್ಲ. ಪ್ರಯಾಣದ ತಡೆ, ಆಯುಧದ ತಡೆ, ಆ 135 ಜನರ ಸ್ವಂತ ಹಣದ ಸ್ತಂಭನ ಇರಲೇಬೇಕು. ಆದರೆ ಕೇಂದ್ರ ಬ್ಯಾಂಕಿನ ಮೀಸಲು ಹಣ ಕಟ್ಟುನಿಟ್ಟಿನ ತಪಾಸಣೆಯೊಂದಿಗೆ ಕಂತುಕಂತಾಗಿ ನೋಟಿನ ಬೆಲೆ ಕಾಯುವ ಕೆಲಸಕ್ಕೆ ಹಿಂದಿರುಗಬೇಕು. ಪರವಾನಗಿ ಇರುವ ಪಾವತಿ ಮಾಡಿಕೊಟ್ಟ ಬ್ಯಾಂಕಿಗೆ ದಂಡ ಬೀಳುವುದಿಲ್ಲ ಎಂದು ನಿರ್ಬಂಧ ಹಾಕಿದ ದೇಶವೇ ಬರೆದು ಕೊಡಬೇಕು. 2025ರಲ್ಲಿ ಅಮೆರಿಕ ತನ್ನ ನೆರವನ್ನು ಕಡಿದುಹಾಕಿ ಮತ್ತಷ್ಟು ದವಾಖಾನೆಗಳ ಬಾಗಿಲು ಮುಚ್ಚಿದ ಮೇಲಂತೂ ಇದು ತುರ್ತು.

ನಿಮ್ಮ ಅಂಗಡಿಯ ದರಕ್ಕೆ ಈ ನಿರ್ಬಂಧಗಳಿಗಿಂತ ಗಡಿಯೇ ಹೆಚ್ಚು ಕಾರಣ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ, ಪಾಕಿಸ್ತಾನದ ಮೂಲಕ ಈ ಮಾಲು ಬರುತ್ತಿದ್ದ ಅಟಾರಿ ಚೆಕ್‌ಪೋಸ್ಟ್ ಮುಚ್ಚಿತು. ದಾರಿಯಲ್ಲಿ ಸಿಕ್ಕಿಕೊಂಡಿದ್ದ 160 ಅಫ್ಘಾನ್ ಲಾರಿಗಳಿಗೆ ಮೇ ತಿಂಗಳಲ್ಲಿ ವಿಶೇಷ ಅನುಮತಿ ಕೊಡಬೇಕಾಯಿತು. ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಅಫ್ಘಾನಿಸ್ತಾನಗಳ ನಡುವೆ ಗುಂಡು ಹಾರಿ ತೋರ್ಖಮ್, ಚಮನ್ ಗಡಿಗಳೂ ಮುಚ್ಚಿದವು. ಉಳಿದದ್ದು ಇರಾನಿನ ಚಾಬಹಾರ್ ಬಂದರು ಮತ್ತು ವಿಮಾನ. ಚಾಬಹಾರ್‌ಗೆ 2018ರಲ್ಲಿ ಕೊಟ್ಟ ವಿನಾಯಿತಿಯನ್ನು ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹಿಂದಕ್ಕೆ ತೆಗೆದುಕೊಂಡು, ಆಮೇಲೆ ಆರು ತಿಂಗಳ ಮಟ್ಟಿಗೆ ಮತ್ತೆ ಕೊಟ್ಟಿತು. ಅದು ಇರಾನ್ ಮೇಲಿನ ನಿರ್ಬಂಧ, ಬೇರೆಯದೇ ಲೆಕ್ಕ. ಬಾಣಂತಿಯ ಅಂಟಿನ ಉಂಡಿಗೆ ಅಂಜೂರ ಕೇಳಿಕೊಂಡು ಬಂದವರು ದರ ಕೇಳಿ ಗಾಬರಿಯಾದರೆ ಕಾರಣ ಹೀಗೆ ಹೇಳಬಹುದು.

ಕೊನೆಗೆ ಹಣ ಕಳಿಸುವ ವಿಷಯ. ಯಾರೇ ‘ನಾಳೆ ಬೆಳಿಗ್ಗೆ ಕಾಬೂಲ್‌ನಲ್ಲಿ ಮುಟ್ಟಿಸುತ್ತೇವೆ’ ಎಂದು ಹೇಳಿದರೂ ಹವಾಲಾಕ್ಕೆ ಕೈ ಹಾಕಬೇಡಿ. ಭಾರತದಲ್ಲಿ ಅದು ವಿದೇಶಿ ವಿನಿಮಯ ಕುರಿತ ಫೆಮಾ ಕಾಯ್ದೆಯ ಉಲ್ಲಂಘನೆ, ಹಣ ಯಾರ ಕೈ ಸೇರಿತು ಎಂಬುದೂ ತಿಳಿಯುವುದಿಲ್ಲ. ವಿಶ್ವ ಆಹಾರ ಕಾರ್ಯಕ್ರಮ, ಯುನಿಸೆಫ್‌ನಂಥ ಸಂಸ್ಥೆಗಳ ಮೂಲಕ ಕೊಡಿ, ರಸೀದಿ ಇಟ್ಟುಕೊಳ್ಳಿ. ಪರಿಚಯದ ವ್ಯಕ್ತಿಗೆ ನೇರವಾಗಿ ಕಳಿಸಲೇಬೇಕಾದರೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಗೆ ಹೋಗಿ, ಪಡೆಯುವವರ ಪಾಸ್‌ಪೋರ್ಟ್ ಪ್ರತಿ, ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಕಳಿಸುವ ಕಾರಣ ಎಲ್ಲವನ್ನೂ ಮೊದಲೇ ಬರೆದು ಒಯ್ಯಿರಿ. ಹೆಸರು ತಾಳೆಯಾಗಿ ತಡೆ ಬಿದ್ದರೆ ಈ ಕಾಗದಗಳೇ ಅದನ್ನು ಬಿಡಿಸುವುದು. ಹಾಗೆಯೇ ಧಾರವಾಡದಲ್ಲಿ ಮಗಳ ಕಾಲೇಜಿನಲ್ಲಿ ಅಫ್ಘಾನ್ ವಿದ್ಯಾರ್ಥಿಗಳು ಇದ್ದಾರೆಯೇ ವಿಚಾರಿಸಿ. ಅವರ ಫೀ, ಮೆಸ್ ಬಿಲ್ಲನ್ನು ರೂಪಾಯಿಯಲ್ಲಿ ನೇರವಾಗಿ ಕಾಲೇಜಿಗೆ, ಹಾಸ್ಟೆಲಿಗೆ ಕಟ್ಟಲು ಯಾವ ಪಟ್ಟಿಯೂ ಅಡ್ಡ ಬರುವುದಿಲ್ಲ.